ಮನೆಗೆ ಸೋಲಾರ್, ತಲೆ ಮೇಲೆ ಕಂತು: ಹಾಸನ–ಚಿಕ್ಕಮಗಳೂರು ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಗ್ರಾಮೀಣ ಬ್ಯಾಂಕೊಂದರ ಸಾಲದ ಮೇಜಿನ ಹಿಂದೆ ಬಹಳ ವರ್ಷ ಕೂತು ಎದ್ದವನು ನಾನು. ಈಗ ಸಕಲೇಶಪುರದ ಹತ್ತಿರ ಒಂದಿಷ್ಟು ಕಾಫಿ, ಮೆಣಸು ನೋಡಿಕೊಂಡಿದ್ದೇನೆ. ಕೆಲಸ ಬಿಟ್ಟರೂ ಕೆಲಸ ನನ್ನನ್ನು ಬಿಟ್ಟಿಲ್ಲ. ಹಾಲಿನ ಡೈರಿ ಮುಂದೆ, ಮದುವೆ ಮನೆಯ ಪಂಕ್ತಿಯಲ್ಲಿ, ಬಸ್ಸಿಗೆ ಕಾಯುವಾಗ ಸೋಲಾರ್ ಸಾಲದ ಬಗ್ಗೆ ಯಾರಾದರೂ ಹಿಡಿದು ನಿಲ್ಲಿಸುತ್ತಾರೆ. ಅವರು ಕೇಳಿದ್ದನ್ನು ಕೇಳಿದ ಹಾಗೇ ಇಲ್ಲಿ ಬರೆದಿದ್ದೇನೆ.

ನಮ್ಮನೆಗೆ ಎಷ್ಟು ಕಿಲೋವಾಟ್ ಹಾಕಿಸಬೇಕು ಸರ್?

ಅದು ಎರಡನೇ ಪ್ರಶ್ನೆ. ಸೋಲಾರ್ ಯಾಕೆ ಬೇಕು ಅನ್ನೋದು ಮೊದಲು ತೀರ್ಮಾನವಾಗಲಿ. ಬಿಲ್ ಜಾಸ್ತಿ ಬರುತ್ತಿದೆಯೋ, ಕರೆಂಟೇ ಇರುವುದಿಲ್ಲವೋ? ಇವೆರಡೂ ಬೇರೆ ಬೇರೆ ಕಾಯಿಲೆ, ಔಷಧಿಯೂ ಬೇರೆ. ಚನ್ನರಾಯಪಟ್ಟಣದಲ್ಲೋ ಅರಸೀಕೆರೆಯಲ್ಲೋ ತಾರಸಿ ಮನೆ, ಎರಡು ಫ್ರಿಜ್, ಮೇಲೆ ಬಾಡಿಗೆಯವರು ಇದ್ದರೆ ಅದು ಬಿಲ್ಲಿನ ಕಾಯಿಲೆ. ಕಳಸದ ಕಡೆ ಒಂಟಿ ಮನೆ, ಜುಲೈಯಲ್ಲಿ ಸಿಲ್ವರ್ ಓಕ್ ಮರ ತಂತಿ ಮೇಲೆ ಬಿದ್ದರೆ ಮೂರು ದಿನ ಕತ್ತಲೆ ಅಂದರೆ ಅದು ಕರೆಂಟಿನ ಕಾಯಿಲೆ. ಮೊದಲನೆಯವರಿಗೆ ಲೈನಿಗೆ ಜೋಡಿಸುವ ಆನ್‌ಗ್ರಿಡ್ ಸೋಲಾರ್, ಎರಡನೆಯವರಿಗೆ ಬ್ಯಾಟರಿ ಇರುವ ಸೋಲಾರ್. ಅಂಗಡಿಯವನು ಯಾವುದನ್ನು ಮಾರುತ್ತಾನೋ ಅದನ್ನೇ ಎಲ್ಲರಿಗೂ ಹೇಳುತ್ತಾನೆ. ಅವನ ತಪ್ಪೂ ಅಲ್ಲ, ಅವನ ವ್ಯಾಪಾರ ಅದು.

ಆನ್‌ಗ್ರಿಡ್ ಹಾಕಿಸಿದರೆ ಕರೆಂಟ್ ಹೋದಾಗಲೂ ಲೈಟ್ ಉರಿಯುತ್ತಲ್ವಾ?

ಇಲ್ಲ. ಈ ಒಂದು ಮಾತು ಮೊದಲೇ ಗೊತ್ತಿಲ್ಲದೆ ಎಷ್ಟು ಜನ ಸಾಲ ಮಾಡಿ ಆಮೇಲೆ ತಲೆ ಮೇಲೆ ಕೈ ಹೊತ್ತು ಕೂತಿದ್ದಾರೋ! ಲೈನಿನಲ್ಲಿ ಕರೆಂಟ್ ಹೋದ ಕೂಡಲೇ ಆನ್‌ಗ್ರಿಡ್ ಇನ್ವರ್ಟರ್ ತಾನೇ ಆಫ್ ಆಗುತ್ತದೆ. ಆಗಲೇಬೇಕು ಕೂಡ. ಇಲ್ಲದಿದ್ದರೆ ನಿಮ್ಮ ಚಾವಣಿಯ ಕರೆಂಟು ತಂತಿಗೆ ಹರಿದು, ಕಂಬ ಹತ್ತಿದ ಲೈನ್‌ಮನ್ ಜೀವಕ್ಕೆ ಬರುತ್ತದೆ. ನೆತ್ತಿ ಮೇಲೆ ಬಿಸಿಲು ಸುಡುತ್ತಿದ್ದರೂ ಒಳಗೆ ಫ್ಯಾನ್ ತಿರುಗುವುದಿಲ್ಲ. ಲೈನು, ಬ್ಯಾಟರಿ ಎರಡೂ ಬೇಕೆಂದರೆ ಹೈಬ್ರಿಡ್ ಇನ್ವರ್ಟರ್ ಇದೆ. ಬೆಲೆ ಜಾಸ್ತಿ, ಬ್ಯಾಟರಿ ಖರ್ಚಿಗೆ ಕೇಂದ್ರದ ಸಬ್ಸಿಡಿಯೂ ಸಿಗುವುದಿಲ್ಲ.

ಗೃಹಜ್ಯೋತಿಯಲ್ಲಿ ಬಿಲ್ ಸೊನ್ನೆ ಬರ್ತಿದೆ. ಆದರೂ ಹಾಕಿಸೋದಾ?

ಬಿಲ್ ಉಳಿಸಲಿಕ್ಕೆ ಅಂತಾದರೆ ಬೇಡ. ಸೊನ್ನೆಯಿಂದ ಏನು ಕಳೆಯುತ್ತೀರಿ? 2023ರಿಂದ ಈ ಯೋಜನೆಯಲ್ಲಿ ರಾಜ್ಯ ಸರ್ಕಾರ ಪುಕ್ಕಟೆ ಕರೆಂಟ್ ಕೊಡುತ್ತಿರುವುದು 200 ಯೂನಿಟ್ ಒಳಗಿನವರಿಗೆ, ಅದೂ ಅವರವರ ಹಳೆಯ ಸರಾಸರಿ ಬಳಕೆ ಮತ್ತು ಅದರ ಮೇಲೆ ಶೇ 10. ತಿಂಗಳಿಗೆ 60–70 ಯೂನಿಟ್ ಸುಡುವ ಮನೆಯವರು 3 ಕಿಲೋವಾಟ್‌ಗೆ ಸಾಲ ಮಾಡಿದರೆ ಕಂತು ಮಾತ್ರ ಹೊಸದಾಗಿ ಬರುತ್ತದೆ, ಉಳಿತಾಯ ಏನೂ ಇರುವುದಿಲ್ಲ.

200 ದಾಟುವವರ ಲೆಕ್ಕ ಬೇರೆ. ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ತಿಂಗಳಿಗೆ 250 ಯೂನಿಟ್ ಬಳಸುವ ಮನೆಗೆ, ಯೂನಿಟ್‌ಗೆ ಸುಮಾರು 6 ರೂಪಾಯಿಯಂತೆ ಹಿಡಿದರೆ, ನಿಗದಿತ ಶುಲ್ಕ ಬಿಟ್ಟೇ 1,500 ರೂಪಾಯಿ. ಒಳ್ಳೆ ಬಿಸಿಲಿನ ಜಾಗದಲ್ಲಿ 1 ಕಿಲೋವಾಟ್ ದಿನಕ್ಕೆ ಸರಾಸರಿ 4 ಯೂನಿಟ್ ಆಸುಪಾಸು ಕೊಡುತ್ತದೆ. ಅಂದರೆ 2 ಕಿಲೋವಾಟ್ ಇದ್ದರೆ ಬಿಲ್ಲಿನ ಬಹುಪಾಲು ಕರಗುತ್ತದೆ. ಅಂಥ ಮನೆಯವರು ಧೈರ್ಯವಾಗಿ ಮುಂದುವರಿಯಬಹುದು.

ಸೂರ್ಯಘರ್ ಸಬ್ಸಿಡಿ ಎಷ್ಟು ಬರುತ್ತೆ?

2024ರ ಫೆಬ್ರುವರಿಯಲ್ಲಿ ಶುರುವಾದ, ಮನೆ ಚಾವಣಿಯ ಸೋಲಾರ್‌ಗೆ ಕೇಂದ್ರ ಸರ್ಕಾರ ಹಣ ಕೊಡುವ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮೊದಲ 2 ಕಿಲೋವಾಟ್‌ಗೆ ಒಂದೊಂದಕ್ಕೆ 30,000, ಮೂರನೆಯದಕ್ಕೆ 18,000. ಹಾಗಾಗಿ 1 ಕಿಲೋವಾಟ್‌ಗೆ 30,000, 2ಕ್ಕೆ 60,000, 3ಕ್ಕೆ 78,000. ಅದರ ಮೇಲೆ ಎಷ್ಟೇ ದೊಡ್ಡದು ಹಾಕಿಸಿದರೂ 78,000 ದಾಟುವುದಿಲ್ಲ. ಪ್ಯಾನಲ್ ನಮ್ಮ ದೇಶದಲ್ಲೇ ತಯಾರಾದ ಕೋಶಗಳದ್ದಾಗಿರಬೇಕು, ಹಾಕುವವನು ಯೋಜನೆಯಲ್ಲಿ ನೋಂದಾಯಿಸಿಕೊಂಡ ಏಜೆನ್ಸಿಯವನೇ ಆಗಿರಬೇಕು. "ಹೊರಗಿನ ಪ್ಯಾನಲ್ ಅಗ್ಗ, ಸಬ್ಸಿಡಿಯೂ ಮಾಡಿಸಿಕೊಡ್ತೀನಿ" ಅಂದರೆ ಎದ್ದು ಬನ್ನಿ.

ಅರ್ಜಿ ರಾಷ್ಟ್ರೀಯ ಪೋರ್ಟಲ್‌ನಲ್ಲಿ. ಕರೆಂಟ್ ಕಂಪನಿ ಹಾಸನ ಜಿಲ್ಲೆಯವರಿಗೆ ಸೆಸ್ಕ್, ಚಿಕ್ಕಮಗಳೂರಿನವರಿಗೆ ಮೆಸ್ಕಾಂ. ಗಡಿಯ ಊರಿನವರು ಬಿಲ್ಲಿನ ಮೇಲೆ ಯಾರ ಹೆಸರಿದೆ ನೋಡಿಕೊಳ್ಳಿ. ಸಹಾಯವಾಣಿ ಎರಡಕ್ಕೂ 1912.

ಇನ್ನೊಂದು ಮಾತು: ಸಬ್ಸಿಡಿ ಬರುವುದು ಕೆಲಸ ಮುಗಿದು, ನೆಟ್ ಮೀಟರ್ (ನೀವು ಲೈನಿಗೆ ಕೊಟ್ಟ ಕರೆಂಟನ್ನು ಬಳಸಿದ್ದರಲ್ಲಿ ಕಳೆಯುವ ಮೀಟರ್) ಕೂತು, ತಪಾಸಣೆ ಆದ ಮೇಲೆ. ಅಲ್ಲಿಯವರೆಗೆ ಪೂರ್ತಿ ಹಣ ನಿಮ್ಮ ಕಡೆಯಿಂದಲೇ ಹೋಗಿರಬೇಕು. ಕೈಯಲ್ಲಿ ದುಡ್ಡಿಲ್ಲದವರಿಗೆ ಸಬ್ಸಿಡಿ ಇದ್ದೂ ದೂರವಾಗುವುದು ಇಲ್ಲೇ. ಸಾಲ ಬೇಕಾಗುವುದೂ ಇದಕ್ಕೇ.

ಸಾಲ ತಗೊಂಡರೆ ಕಂತು ಎಷ್ಟು ಬರುತ್ತೆ, ಸರಿಯಾಗಿ ಹೇಳಿ.

ಈ ಯೋಜನೆಯಡಿ 3 ಕಿಲೋವಾಟ್‌ವರೆಗೆ, 2 ಲಕ್ಷದ ತನಕ ಅಡಮಾನವಿಲ್ಲದೆ ಬ್ಯಾಂಕುಗಳು ಸಾಲ ಕೊಡುತ್ತವೆ. ಸುಮಾರು ಶೇ 10 ನಿಮ್ಮ ಕೈಯಿಂದ ಹಾಕಬೇಕು. ಬಡ್ಡಿ ರಿಸರ್ವ್ ಬ್ಯಾಂಕಿನ ರೆಪೋ ದರಕ್ಕೆ ಕಟ್ಟಿದ್ದು, ಅದು ಏರಿದರೆ ಏರುತ್ತದೆ, ಇಳಿದರೆ ಇಳಿಯುತ್ತದೆ. ಲೆಕ್ಕಕ್ಕೆ ಶೇ 7 ಎಂದಿಟ್ಟುಕೊಳ್ಳಿ.

2 ಕಿಲೋವಾಟ್‌ಗೆ 1,40,000 ಕೊಟೇಶನ್ ಬಂತು ಅನ್ನೋಣ. ನಿಮ್ಮ ಪಾಲು 14,000, ಸಾಲ 1,26,000. ಹತ್ತು ವರ್ಷಕ್ಕಾದರೆ ಕಂತು ತಿಂಗಳಿಗೆ ಸುಮಾರು 1,463. ಸಬ್ಸಿಡಿಯ 60,000 ಬಂದ ದಿನವೇ ಸಾಲಕ್ಕೆ ಕಟ್ಟಿಬಿಟ್ಟರೆ ಉಳಿಯುವುದು 66,000ದ ಹತ್ತಿರ. ಅದನ್ನು ಐದು ವರ್ಷಕ್ಕೆ ಮಾಡಿಸಿಕೊಂಡರೆ ತಿಂಗಳಿಗೆ ಸುಮಾರು 1,307, ಹತ್ತು ವರ್ಷಕ್ಕೆ 766. ಮೇಲೆ ಹೇಳಿದ 250 ಯೂನಿಟ್ ಮನೆಗೆ ಐದು ವರ್ಷದ ಕಂತೂ ಬಿಲ್ಲಿನ ಉಳಿತಾಯದಲ್ಲೇ ಹೆಚ್ಚುಕಡಿಮೆ ಮುಗಿಯುತ್ತದೆ.

ಆದರೆ ಸಬ್ಸಿಡಿ ಬೀಳುವುದು ನಿಮ್ಮ ಉಳಿತಾಯ ಖಾತೆಗೆ. ನಾನು ಕಂಡಂತೆ ಆ 60,000 ಗೊಬ್ಬರಕ್ಕೆ, ಮಗಳ ಹಾಸ್ಟೆಲ್‌ಗೆ, ಒಮ್ಮೊಮ್ಮೆ ಬುಲೆಟ್ ಗಾಡಿಗೆ ಹೋಗುತ್ತದೆ. ಸಾಲ ಮಾತ್ರ ಹಾಗೇ ನಿಂತಿರುತ್ತದೆ. ಬಂದ ಹಣ ಸಾಲದ ಖಾತೆಗೇ ಜಮೆ ಆಗಲಿ ಎಂದು ಮೊದಲೇ ಬ್ಯಾಂಕಿಗೆ ಬರೆದುಕೊಟ್ಟುಬಿಡಿ. ಸಾಲ ಕಡಿಮೆಯಾದ ಮೇಲೆ ಕಂತನ್ನೂ ಹೊಸದಾಗಿ ಲೆಕ್ಕ ಹಾಕಿಸಿ. ಕೇಳದಿದ್ದರೆ ಅವರಾಗಿ ಮಾಡುವುದು ಅಪರೂಪ. ಮೇಜಿನ ಆ ಕಡೆ ಕೂತವನಾಗಿ ಹೇಳುತ್ತಿದ್ದೇನೆ.

ತಿಂಗಳು ತಿಂಗಳು ಕಟ್ಟೋಕೆ ನಮ್ಮ ಹತ್ರ ಎಲ್ಲಿ ದುಡ್ಡಿರುತ್ತೆ?

ನಾನು ಕಾಯುತ್ತಿದ್ದ ಪ್ರಶ್ನೆ ಇದು. ಸೋಲಾರ್ ಸಾಲ ಕೆಡುವುದು ಪ್ಯಾನಲ್ ಕೆಟ್ಟದ್ದರಿಂದಲ್ಲ. ಕಂತಿನ ತಾರೀಖಿಗೂ ಮನೆಗೆ ದುಡ್ಡು ಬರುವ ದಿನಕ್ಕೂ ಹೊಂದದೇ ಹೋಗುವುದರಿಂದ.

ನಮ್ಮಲ್ಲಿ ಸಂಬಳದಂತೆ ಒಂದನೇ ತಾರೀಖು ಯಾರಿಗೆ ಬರುತ್ತದೆ? ಅರೇಬಿಕಾ ಕೊಯ್ದು, ಒಣಗಿಸಿ, ಮಾರಿ ದುಡ್ಡು ಕೈಗೆ ಬರುವಷ್ಟರಲ್ಲಿ ಫೆಬ್ರುವರಿ. ರೋಬಸ್ಟಾದವರಿಗೆ ಮಾರ್ಚ್, ಏಪ್ರಿಲ್. ಕೊಪ್ಪ, ಶೃಂಗೇರಿಯ ಅಡಿಕೆಯವರಿಗೆ ಬೇರೆ ಲೆಕ್ಕ. ಹಾಸನದ ಆಲೂಗಡ್ಡೆಯವರು ಗೌರಿ ಗಣೇಶದ ಹೊತ್ತಿಗೆ ಗಡ್ಡೆ ಕಿತ್ತು ಮಾರಬೇಕು. ಅದೂ ಅಂಗಮಾರಿ ಬಾರದಿದ್ದರೆ. ತೋಟದ ಕೆಲಸಗಾರರಿಗೆ ವಾರದ ಬಟವಾಡೆ. ಹಾಲು ಹಾಕುವ ಮನೆಗೆ ಡೈರಿಯ ದುಡ್ಡು. ಇವರೆಲ್ಲರ ಕೈಗೂ ಒಂದೇ ತಿಂಗಳ ಕಂತಿನ ಕಾರ್ಡ್ ಕೊಟ್ಟರೆ ಆಷಾಢದ ಹೊತ್ತಿಗೆ ಮೂರು ಕಂತು ತಪ್ಪುವುದು ಖಂಡಿತ. ಆಮೇಲೆ, ಸಾಲ ಸರಿಯಾಗಿ ಕಟ್ಟುವವರೋ ಎಂದು ಬ್ಯಾಂಕುಗಳು ನೋಡುವ ಸಿಬಿಲ್ ಅಂಕ ಬೀಳುತ್ತದೆ, ಮುಂದಿನ ಬೆಳೆ ಸಾಲಕ್ಕೂ ಕುತ್ತು.

ಹಾಗಾಗಿ ಸಾಲ ಮಂಜೂರಾಗುವ ಮುಂಚೆಯೇ ಕೇಳಿ: "ಸಾರ್, ನಮಗೆ ಆರು ತಿಂಗಳಿಗೊಮ್ಮೆ ಕಂತು ಮಾಡಿಕೊಡಿ" ಅಥವಾ "ವರ್ಷಕ್ಕೊಮ್ಮೆ, ಕಾಫಿ ದುಡ್ಡು ಬಂದ ಮೇಲೆ." ಬೆಳೆಯ ಆದಾಯ ತೋರಿಸುವ ಪಹಣಿ, ಮಾರಾಟದ ಚೀಟಿಗಳನ್ನು ಮುಂದಿಟ್ಟರೆ ಮಾತಿಗೆ ತೂಕ ಬರುತ್ತದೆ. ಎಲ್ಲ ಶಾಖೆಯಲ್ಲೂ ಒಪ್ಪುವುದಿಲ್ಲ. ಕಂಪ್ಯೂಟರ್‌ನಲ್ಲಿ ಆ ಸಾಲಕ್ಕೆ ಮಾಸಿಕ ಕಂತು ಬಿಟ್ಟು ಬೇರೆ ಆಯ್ಕೆಯೇ ಇಲ್ಲ ಅಂದುಬಿಡುತ್ತಾರೆ. ಆಗ ಉಪಾಯ ಇದು: ಕಾಫಿ ಮಾರಿದ ವಾರವೇ ಹನ್ನೆರಡು ಕಂತಿನ ಮೊತ್ತವನ್ನು ಬೇರೆ ಉಳಿತಾಯ ಖಾತೆಗೆ ಹಾಕಿ, ಅಲ್ಲಿಂದ ತಿಂಗಳು ತಿಂಗಳು ತಾನೇ ಕಡಿತವಾಗುವಂತೆ ಬರೆದುಕೊಡಿ. ಆ ಖಾತೆಯ ಎಟಿಎಂ ಕಾರ್ಡ್ ಮನೆಯಾಕೆಯ ಹತ್ತಿರ ಇರಲಿ. ಇದು ತಮಾಷೆಗೆ ಹೇಳಿದ್ದಲ್ಲ.

ದಿನದ ಲೆಕ್ಕದಲ್ಲಿ ಕಟ್ಟೋ ಪದ್ಧತಿ ಇಲ್ವಾ? ಪಿಗ್ಮಿ ಥರ?

ಪಿಗ್ಮಿ ನಮ್ಮ ಕರಾವಳಿಯ ಕೊಡುಗೆ. ಸಿಂಡಿಕೇಟ್ ಬ್ಯಾಂಕು 1928ರಲ್ಲೇ ಮನೆ ಬಾಗಿಲಿಗೆ ಹೋಗಿ ಕಾಸು ಕೂಡಿಸುತ್ತಿತ್ತು. (ಆ ಬ್ಯಾಂಕೇ 2020ರ ಏಪ್ರಿಲ್‌ನಲ್ಲಿ ಕೆನರಾ ಬ್ಯಾಂಕಿನೊಳಗೆ ಸೇರಿಹೋಯಿತು.) ಅದೇ ಯುಕ್ತಿಯನ್ನು ಸಾಲ ತೀರಿಸಲು ತಿರುಗಿಸಿದ್ದು ಆಫ್ರಿಕಾದ ಕೀನ್ಯಾದವರು. ಅಲ್ಲಿ 2007ರಿಂದ ಎಂ-ಪೆಸಾ ಎಂಬ ಮೊಬೈಲ್ ಹಣ ಹಳ್ಳಿ ಹಳ್ಳಿಗೂ ಹಬ್ಬಿತ್ತು. 2012ರಲ್ಲಿ ಕಂತಿನ ಮೇಲೆ ಸೋಲಾರ್ ದೀಪ ಮಾರುವ ಎಂ-ಕೋಪಾ ಕಂಪನಿ ಮಾರುಕಟ್ಟೆಗೆ ಬಂತು. ಸ್ವಲ್ಪ ಮುಂಗಡ, ಆಮೇಲೆ ದಿನಕ್ಕೆ 40–50 ಶಿಲಿಂಗ್‌ನಂತೆ ಒಂದು ವರ್ಷ. ಕಟ್ಟದ ದಿನ ದೀಪದ ಪೆಟ್ಟಿಗೆ ದೂರದಿಂದಲೇ ಲಾಕ್. ಸೀಮೆಎಣ್ಣೆಗೆ ದಿನಾ ಕೊಡುತ್ತಿದ್ದ ಚಿಲ್ಲರೆಯೇ ಕಂತಾಯಿತು.

ಕೂಲಿ ಜನಕ್ಕೆ ಇದು ಹೇಳಿ ಮಾಡಿಸಿದ ಹಾಗಿದೆ, ಒಪ್ಪುತ್ತೇನೆ. ಆದರೆ ದುಡ್ಡಿಲ್ಲದ ದಿನವೇ ಕತ್ತಲೆ ಕವಿಯುವ ಆ ಲಾಕ್ ನನಗೆ ಅಷ್ಟು ಹಿಡಿಸುವುದಿಲ್ಲ. ಮಳೆಗೆ ಕೆಲಸ ನಿಂತ ವಾರದಲ್ಲೇ ದೀಪವೂ ಆರಬೇಕೇ? ನಮ್ಮಲ್ಲಿ ಡೈರಿ ಬಿಲ್ಲಿನಲ್ಲಿ ಮುರಿದುಕೊಳ್ಳುವುದು, ಸ್ವಸಹಾಯ ಸಂಘದ ವಾರದ ಕಂತು, ಇವೇ ಪಿಗ್ಮಿಗೆ ಹತ್ತಿರದವು.

ಸಂಘದಲ್ಲಿ ಸಾಲ ತಗೊಂಡ್ರೆ ಸುಲಭ ಅಲ್ವಾ ಅಣ್ಣ?

ಸಿಗುವುದು ಸುಲಭ, ಮನೆ ಬಾಗಿಲಲ್ಲೇ ಕಟ್ಟಬಹುದು, ಪಹಣಿ ಬೇಡ. ದೀಪದ ಸಣ್ಣ ಸೋಲಾರ್‌ಗೆ ಸ್ವಸಹಾಯ ಸಂಘದ ಸಾಲ ಒಳ್ಳೆಯದೇ. ಆದರೆ ಬಡ್ಡಿಯನ್ನು ಯಾವ ಲೆಕ್ಕದಲ್ಲಿ ಹಾಕುತ್ತಾರೆ ಕೇಳಿ. ಅಂಗಡಿ ಕಂತಿನಲ್ಲೂ, ಖಾಸಗಿ ಫೈನಾನ್ಸಿನಲ್ಲೂ "ಬರೀ ಶೇ 12" ಅಂದು ಫ್ಲಾಟ್ ಲೆಕ್ಕ, ಅಂದರೆ ಅಸಲು ತೀರುತ್ತಾ ಬಂದರೂ ಮೊದಲಿನ ಪೂರ್ತಿ ಮೊತ್ತಕ್ಕೇ ಬಡ್ಡಿ, ಹಾಕುವವರಿದ್ದಾರೆ. 30,000 ರೂಪಾಯಿಗೆ ಮೂರು ವರ್ಷ ಫ್ಲಾಟ್ ಶೇ 12 ಅಂದರೆ ಬಡ್ಡಿ 10,800. ಅಸಲು ಇಳಿದಂತೆ ಬಡ್ಡಿ ಇಳಿಯುವ ಬ್ಯಾಂಕ್ ಲೆಕ್ಕದಲ್ಲಿ ಅದೇ ಶೇ 12ಕ್ಕೆ ಬಡ್ಡಿ 5,900ರ ಒಳಗೆ. ಆ ಫ್ಲಾಟ್ ಶೇ 12 ನಿಜವಾಗಿ ಶೇ 21ರ ಆಸುಪಾಸು. "ಒಟ್ಟು ಎಷ್ಟು ಕಟ್ಟಬೇಕು?" ಎಂಬ ಒಂದೇ ಪ್ರಶ್ನೆ ಸಾಕು, ಬಣ್ಣ ಬಯಲಾಗುತ್ತದೆ.

ಮೈಕ್ರೋಫೈನಾನ್ಸ್‌ನವರಿಗೆ 2022ರಿಂದ ರಿಸರ್ವ್ ಬ್ಯಾಂಕಿನ ನಿಯಮವಿದೆ: ಮನೆಯ ಎಲ್ಲ ಸಾಲದ ಕಂತು ಸೇರಿ ತಿಂಗಳ ಆದಾಯದ ಅರ್ಧ ದಾಟಬಾರದು. ದಾಟುತ್ತಿದ್ದರೆ ಸೋಲಾರ್ ಒಂದು ವರ್ಷ ತಡೆಯಲಿ. ಬಾಗಿಲಿಗೆ ಬಂದು ಬೆದರಿಸಿ ವಸೂಲಿ ಮಾಡುವವರ ವಿರುದ್ಧ 2025ರಿಂದ ನಮ್ಮ ರಾಜ್ಯದಲ್ಲಿ ಪ್ರತ್ಯೇಕ ಕಾನೂನೇ ಇದೆ. ಸುಮ್ಮನೆ ಸಹಿಸಬೇಡಿ, ಪೊಲೀಸ್ ಠಾಣೆಗೆ ಹೋಗಿ.

ಬ್ಯಾಂಕ್ ಮ್ಯಾನೇಜರ್ "ಇಂಥ ಸಾಲ ನಮ್ಮಲ್ಲಿಲ್ಲ" ಅಂದ್ರು.

ಇದೆ. ಮನೆಗೆ ಸೋಲಾರ್ ಹಾಕಿಸುವ ಸಾಲ 10 ಲಕ್ಷದವರೆಗೆ ಆದ್ಯತಾ ವಲಯದ ಸಾಲ, ಅಂದರೆ ಬ್ಯಾಂಕುಗಳು ಇಂತಿಷ್ಟು ಕೊಡಲೇಬೇಕೆಂದು ರಿಸರ್ವ್ ಬ್ಯಾಂಕ್ ಗುರಿ ಇಟ್ಟಿರುವ ಬಗೆಯದು. ಕೊಟ್ಟರೆ ಬ್ಯಾಂಕಿನ ಗುರಿಗೇ ಲೆಕ್ಕ ಸೇರುತ್ತದೆ. ಇದನ್ನು ಗಲಾಟೆ ಮಾಡದೆ, ನಗುತ್ತಾ ನೆನಪಿಸಿ. ಸರ್ಕಾರಿ ಯೋಜನೆಗಳ ಸಾಲಕ್ಕಿರುವ ಜನಸಮರ್ಥ ಪೋರ್ಟಲ್‌ನಲ್ಲಿ ಅರ್ಜಿ ಹಾಕಿದರೆ ದಾಖಲೆಯೂ ಉಳಿಯುತ್ತದೆ. ನಮ್ಮ ಹಳೆಯ ಚಿಕ್ಕಮಗಳೂರು–ಕೊಡಗು ಗ್ರಾಮೀಣ ಬ್ಯಾಂಕು, ಕಾವೇರಿ ಗ್ರಾಮೀಣ ಬ್ಯಾಂಕು ಎಂದು ಹುಡುಕಿಕೊಂಡು ಬರುವವರು ಇನ್ನೂ ಇದ್ದಾರೆ. 2025ರ ಮೇ ತಿಂಗಳಿಂದ ಇಡೀ ರಾಜ್ಯಕ್ಕೆ ಒಂದೇ ಕರ್ನಾಟಕ ಗ್ರಾಮೀಣ ಬ್ಯಾಂಕ್.

ಸೋಲಾರ್‌ಗೆ ಸಾಲ ಕೊಡುವುದನ್ನು ಬ್ಯಾಂಕುಗಳಿಗೆ ಕಲಿಸಿದ್ದೇ ಕರ್ನಾಟಕ ಅಂದರೆ ತಪ್ಪಿಲ್ಲ. 1995ರಲ್ಲಿ ಹರೀಶ್ ಹಂದೆ ಮತ್ತು ನೆವಿಲ್ ವಿಲಿಯಮ್ಸ್ ಸೆಲ್ಕೋ ಎಂಬ ಸೋಲಾರ್ ಕಂಪನಿ ಶುರು ಮಾಡಿದಾಗ, ಬಡವರ ಮನೆಯ ದೀಪಕ್ಕೆ ಸಾಲ ಅನ್ನುವುದು ನಮ್ಮಂಥವರಿಗೆ ನಗೆಪಾಟಲು. ದೀಪ ಆದಾಯ ತರುತ್ತದೆಯೇ, ಜಪ್ತಿ ಮಾಡಿದರೆ ಏನು ಸಿಗುತ್ತದೆ ಎಂದೇ ಯೋಚಿಸುತ್ತಿದ್ದೆವು. 2003ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದವರು ಕೆನರಾ ಮತ್ತು ಸಿಂಡಿಕೇಟ್ ಬ್ಯಾಂಕುಗಳ ಜೊತೆ ಸೇರಿ ಬಡ್ಡಿಯ ಒಂದು ಪಾಲನ್ನು ತಾವು ಹೊತ್ತರು. ನಾಲ್ಕು ವರ್ಷದಲ್ಲಿ 18 ಸಾವಿರಕ್ಕೂ ಹೆಚ್ಚು ಮನೆಗೆ ಸಾಲ ಹೋಯಿತು. ಬಡ್ಡಿ ರಿಯಾಯಿತಿಯನ್ನು ಮೆಲ್ಲಗೆ ಇಳಿಸಿ ನಿಲ್ಲಿಸಿದರೂ ಸಾಲ ಕೊಡುವ ಅಭ್ಯಾಸ ಮಾತ್ರ ಉಳಿದುಕೊಂಡಿತು. ಹಂದೆ ಅವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ಮೀಟರ್ ಇನ್ನೂ ತೀರಿಹೋದ ಅಪ್ಪನ ಹೆಸರಲ್ಲಿದೆ.

ಅರ್ಧ ಅರ್ಜಿಗಳು ಮುಗ್ಗರಿಸುವುದು ಇಲ್ಲೇ. ಆರ್‌ಆರ್ ನಂಬರ್ (ಬಿಲ್ಲಿನ ಮೇಲಿರುವ ಕರೆಂಟ್ ಸಂಪರ್ಕದ ನಂಬರ್), ಅರ್ಜಿದಾರ, ಬ್ಯಾಂಕ್ ಖಾತೆ ಮೂರರಲ್ಲೂ ಒಂದೇ ಹೆಸರಿರಬೇಕು. ಮೊದಲು ಮರಣ ಪತ್ರ, ವಂಶವೃಕ್ಷ, ಅಣ್ಣತಮ್ಮಂದಿರ ಒಪ್ಪಿಗೆ ಪತ್ರ ಹಿಡಿದುಕೊಂಡು ಮೀಟರ್ ಹೆಸರು ಬದಲಾಯಿಸಿ. ಅಣ್ಣತಮ್ಮಂದಿರು ಮಾತಾಡುತ್ತಿಲ್ಲವಾದರೆ ಯಾವ ಯೋಜನೆಯಿಂದಲೂ ಪ್ರಯೋಜನವಿಲ್ಲ.

ನಾವು ಲೈನ್ ಮನೆಯವರು, ತೋಟದ ಕೂಲಿ ಸಾಲುಮನೆಯಲ್ಲಿರೋರು. ನಮಗೇನಿದೆ?

ಸೂರ್ಯಘರ್ ಹೆಚ್ಚುಕಡಿಮೆ ನಿಮಗಲ್ಲ. ಚಾವಣಿಯೂ ಮೀಟರೂ ತೋಟದ ಯಜಮಾನರದು. ನಿಮಗೆ ಹೊಂದುವುದು ಬಿಚ್ಚಿಕೊಂಡು ಹೋಗಬಹುದಾದ ಸಣ್ಣ ಸೆಟ್ಟು: ಒಂದು ಪ್ಯಾನಲ್, ಒಂದು ಬ್ಯಾಟರಿ, ಮೂರು ನಾಲ್ಕು ಎಲ್‌ಇಡಿ, ಮೊಬೈಲ್ ಚಾರ್ಜು. ತೋಟ ಬಿಟ್ಟರೆ ಗಂಟುಮೂಟೆ ಜೊತೆ ಅದೂ ಬರುತ್ತದೆ. ಸಾಲಕ್ಕೆ ಯಜಮಾನರು ಜಾಮೀನು ನಿಂತು ಬಟವಾಡೆಯಲ್ಲಿ ಮುರಿದುಕೊಳ್ಳುವುದು ಕೆಲವು ಕಡೆ ನಡೆಯುತ್ತದೆ. ಆದರೆ ಸಾಲದ ಚೀಟಿ ಬ್ಯಾಂಕಿನದ್ದಾಗಿರಲಿ, ಯಜಮಾನರ ಡೈರಿಯಲ್ಲಿ ಬರೆದದ್ದಲ್ಲ. ಮುಂಗಡ ಅಂತ ತೋಟಕ್ಕೇ ಕಟ್ಟಿಹಾಕಿಕೊಂಡ ಕಥೆಗಳು ನಮ್ಮ ಮಲೆನಾಡಿಗೆ ಹೊಸದಲ್ಲ.

ನಾಳೆ ಸರ್ಕಾರವೇ ಲೈನ್ ಎಳೆದರೆ ಸೋಲಾರ್ ಸಾಲ ದಂಡ ಅಲ್ವಾ?

ಬಾಂಗ್ಲಾದೇಶದಲ್ಲಿ ಹಾಗೇ ಆಯಿತು. 2003ರಿಂದ ಅಲ್ಲಿನ ಇಡ್ಕಾಲ್ ಸಂಸ್ಥೆಯ ಹಣದಿಂದ ಸುಮಾರು 41 ಲಕ್ಷ ಮನೆಗೆ ಸಣ್ಣ ಸೋಲಾರ್ ಹೋಯಿತು. ಮುಂಗಡ ಸ್ವಲ್ಪ, ಉಳಿದದ್ದು ಕೆಲವು ವರ್ಷದ ಕಂತು, ವಸೂಲಿ ಗ್ರಾಮೀಣ ಶಕ್ತಿಯಂಥ ಸಂಸ್ಥೆಗಳದ್ದು. ಜಗತ್ತೇ ಹೊಗಳಿತು. ಆಮೇಲೆ ಲೈನ್ ಕರೆಂಟು ಭರದಿಂದ ಹಳ್ಳಿಗೆ ಬಂತು, ಜೊತೆಗೆ ಸರ್ಕಾರವೇ ಇನ್ನೊಂದು ಕಡೆ ಪುಕ್ಕಟೆ ಸೋಲಾರ್ ಹಂಚಿತು. ಜನ ಕಂತು ನಿಲ್ಲಿಸಿದರು, ಸಾಲ ಕೊಟ್ಟ ಸಂಸ್ಥೆಗಳು ಒದ್ದಾಡಿದವು. ನಿಮ್ಮ ಊರಿಗೆ ಲೈನ್ ಬರುವ ಸೂಚನೆಯಿದ್ದರೆ ಎರಡು ಮೂರು ವರ್ಷದಲ್ಲಿ ತೀರುವ ಸಣ್ಣ ಸಾಲವೇ ಸಾಕು. ಲೈನ್ ಬಂದ ಮೇಲೂ ಮಳೆಗಾಲದಲ್ಲಿ ಆ ದೀಪ ಬೇಕಾಗುತ್ತದೆ, ಅದು ಬೇರೆ ಮಾತು.

ಬ್ಯಾಟರಿ ಸಾಲ ತೀರೋದ್ರೊಳಗೆ ಸತ್ತುಹೋದರೆ?

ಟ್ಯುಬುಲರ್ ಸೀಸದ ಬ್ಯಾಟರಿಗೆ ಹೆಚ್ಚೆಂದರೆ ನಾಲ್ಕರಿಂದ ಆರು ವರ್ಷ, ಅದೂ ಡಿಸ್ಟಿಲ್ಡ್ ನೀರು ಹಾಕಿ ನೋಡಿಕೊಂಡರೆ. ಲಿಥಿಯಂ ಅದಕ್ಕಿಂತ ಹೆಚ್ಚು ಬಾಳುತ್ತದೆ, ಬೆಲೆಯೂ ಜಾಸ್ತಿ. ಬ್ಯಾಟರಿಯ ಆಯಸ್ಸಿಗಿಂತ ಸಾಲದ ಆಯಸ್ಸು ಉದ್ದವಾಗಬಾರದು. ಕಂತಿನ ಜೊತೆಗೇ ತಿಂಗಳಿಗೆ ಇನ್ನೂರೋ ಮುನ್ನೂರೋ ಆರ್‌ಡಿ ಕಟ್ಟುತ್ತಿದ್ದರೆ ಮುಂದಿನ ಬ್ಯಾಟರಿಗೆ ಸಾಲವೇ ಬೇಡ.

ಮಲೆನಾಡಿನ ಮಳೇಲಿ ಸೋಲಾರ್ ನಡೆಯುತ್ತಾ?

ನಡೆಯುತ್ತೆ, ಕುಂಟುತ್ತಾ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೂಡಿಗೆರೆ, ಕೊಪ್ಪದ ಕಡೆ ಉತ್ಪಾದನೆ ಅರ್ಧಕ್ಕಿಂತ ಕೆಳಗೆ ಬೀಳಬಹುದು. ಅರಸೀಕೆರೆಯ ಬಿಸಿಲಿನ ಲೆಕ್ಕ ಹಾಕಿದ ಕೊಟೇಶನ್ನನ್ನು ಆಲ್ದೂರಿನ ಮನೆಗೆ ಕೊಡುವವರಿದ್ದಾರೆ, ಹುಷಾರು. ಮರದ ನೆರಳು ಒಂದು ಮೂಲೆಗೆ ಬಿದ್ದರೂ ಹೊಡೆತ ಜೋರು. ಹೆಂಚಿನ ಮನೆಯವರು ಹೆಂಚಿನ ಮೇಲೆ ಭಾರ ಹೇರುವ ಮುಂಚೆ ಪಕಾಸು, ರೀಪು ಗಟ್ಟಿ ಇವೆಯೇ ನೋಡಿಸಿ. ಏಪ್ರಿಲ್, ಮೇ ಸಿಡಿಲಿಗೆ ಅರ್ಥಿಂಗ್ ಮತ್ತು ಸಿಡಿಲು ತಡೆ ಎರಡೂ ಇರಲೇಬೇಕು. ಮಂಗಗಳಿಗೆ ಮಾತ್ರ ನನ್ನ ಹತ್ತಿರ ಉತ್ತರವಿಲ್ಲ.

ಕೊಟೇಶನ್‌ನಲ್ಲಿ ಏನು ನೋಡಬೇಕು?

ಪ್ಯಾನಲ್, ಇನ್ವರ್ಟರ್ ಎರಡರ ಕಂಪನಿ ಮತ್ತು ವಾರಂಟಿ ಬೇರೆ ಬೇರೆಯಾಗಿ ಬರೆದಿರಲಿ. ಪ್ಯಾನಲ್‌ಗೆ 25 ವರ್ಷ ಅನ್ನುತ್ತಾರೆ. ಅದು ಇಂತಿಷ್ಟು ಕರೆಂಟ್ ಕೊಡುತ್ತದೆ ಎಂಬ ಭರವಸೆ, ಇನ್ವರ್ಟರ್‌ಗೆ ಅದು ಅನ್ವಯಿಸುವುದಿಲ್ಲ. ಸೂರ್ಯಘರ್‌ನಲ್ಲಿ ಹಾಕಿದವನೇ ಐದು ವರ್ಷ ನಿರ್ವಹಣೆ ನೋಡಬೇಕು. 2025ರ ಸೆಪ್ಟೆಂಬರ್ 22ರಿಂದ ಸೋಲಾರ್ ಸಾಮಗ್ರಿಯ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿದಿದೆ. ಹಳೆಯ ಕೊಟೇಶನ್ ಇಟ್ಟುಕೊಂಡವರು ಹೊಸದು ಕೇಳಿ.

ಆನೆ ಬೇಲಿಗೂ, ಪಂಪ್‌ಸೆಟ್‌ಗೂ ಇದೇ ಸಾಲನಾ?

ಅಲ್ಲ. ಪಂಪ್‌ಸೆಟ್‌ಗೆ ಕುಸುಮ್ ಯೋಜನೆ. ಬೇಲಿಗೆ ಅರಣ್ಯ ಇಲಾಖೆಯಲ್ಲಿ ವಿಚಾರಿಸಿ.

ಯಾವ ತಿಂಗಳು ಅರ್ಜಿ ಹಾಕಲಿ?

ಜನವರಿಯಲ್ಲಿ ಕಾಗದಪತ್ರ ಜೋಡಿಸಿಕೊಳ್ಳಿ, ಫೆಬ್ರುವರಿಯಲ್ಲಿ ಅರ್ಜಿ ಹಾಕಿ. ಕಾಫಿ ದುಡ್ಡು ಬರುವ ಹೊತ್ತು, ನಿಮ್ಮ ಪಾಲಿನ ಶೇ 10 ಕೈಯಲ್ಲಿರುತ್ತದೆ. ಮಾರ್ಚ್ ಕೊನೆಯ ವಾರ ಮಾತ್ರ ಬ್ಯಾಂಕಿಗೆ ಹೋಗಬೇಡಿ, ವರ್ಷದ ಲೆಕ್ಕ ಮುಗಿಸುವ ಗಡಿಬಿಡಿಯಲ್ಲಿ ಯಾರೂ ತಲೆ ಎತ್ತಿ ನೋಡುವುದಿಲ್ಲ. ಮೇ ತಿಂಗಳೊಳಗೆ ಚಾವಣಿ ಕೆಲಸ ಮುಗಿಯಬೇಕು. ಮೃಗಶಿರಾ ಮಳೆ ಹಿಡಿದರೆ ಹೆಂಚಿನ ಮೇಲೆ ಹತ್ತುವವರು ಸಿಗುವುದಿಲ್ಲ.